ಸರ್ವರುಗಳಲ್ಲಿ ಆಪರೇಟಿಂಗ್ ಸಿಸ್ಟಮ್‌ನ ಸ್ವಯಂಚಾಲಿತ ಸ್ಥಾಪನೆ

ಆಪರೇಟಿಂಗ್ ಸಿಸ್ಟಮ್ ಇಲ್ಲದ ಗಣಕಯಂತ್ರವು ಎಷ್ಟೇ ಬೆಲೆಯುಳ್ಳದ್ದಾದರೂ ನಿರುಪಯುಕ್ತವೇ ಸರಿ. ಅದನ್ನು ಸ್ಥಾಪಿಸುವಾಗ ಯಂತ್ರವು ಭಾಷೆ, ಕಾಲಮಾನ, ಜಾಲದ ವಿಳಾಸ, ಡಿಸ್ಕಿನ ವಿಭಾಗ ಮುಂತಾದ ಪ್ರಶ್ನೆಗಳನ್ನು ಒಂದರ ಮೇಲೊಂದರಂತೆ ಕೇಳುತ್ತದೆ. ಒಂದೆರಡು ಯಂತ್ರಗಳಿದ್ದಲ್ಲಿ ಕುಳಿತು ಉತ್ತರಿಸಬಹುದು. ಯಂತ್ರಗಳು ನೂರಾರಾದಾಗ ಶ್ರಮವೂ ಹೆಚ್ಚು, ತಪ್ಪೂ ಹೆಚ್ಚು.

ಇಂತಹ ವಿಸ್ತಾರದ ಕಾರ್ಯಕ್ಕೆ ಕರ್ನಾಟಕದ ಭೂಮಿ ಯೋಜನೆಯು ನಿದರ್ಶನವಾಗಿದೆ. ಕೈಬರಹದ ಪಹಣಿಗಳನ್ನು ಗಣಕಕ್ಕೆ ಅಳವಡಿಸಿದ ಈ ಯೋಜನೆಯು 2002ರ ವೇಳೆಗೆ ರಾಜ್ಯದ ತಾಲ್ಲೂಕು ಕಚೇರಿಗಳಿಗೆಲ್ಲ ವ್ಯಾಪಿಸಿತು. ಮೊದಲ ವರ್ಷಗಳಲ್ಲಿ ಆಯಾ ತಾಲ್ಲೂಕಿನ ದಾಖಲೆಗಳು ಆಯಾ ಕಚೇರಿಯ ಗಣಕದಲ್ಲಿಯೇ ಇರುತ್ತಿದ್ದವು. ಅಂತಹ ಯಂತ್ರದ ಡಿಸ್ಕ್ ಅಳಿಸಿಹೋದರೆ ನಷ್ಟವಾಗುವುದು ಲೋಹದ ತುಂಡಲ್ಲ, ರೈತನ ಹಕ್ಕಿನ ಆಧಾರ.

ಸ್ವಯಂಚಾಲಿತ ಸ್ಥಾಪನೆಯ ತತ್ತ್ವ ಸರಳವಾದುದು. ಪಿಎಕ್ಸ್‌ಇ ಎಂಬ ವ್ಯವಸ್ಥೆಯಿರುವ ಯಂತ್ರವು ಚಾಲನೆಗೊಂಡೊಡನೆ ಜಾಲದ ಮೂಲಕ ಸ್ಥಾಪನಾ ತಂತ್ರಾಂಶವನ್ನು ಪಡೆಯುತ್ತದೆ. ಬಳಿಕ ಮೊದಲೇ ಬರೆದಿಟ್ಟ ಉತ್ತರಪತ್ರವನ್ನು ಓದಿಕೊಂಡು ಕೆಲಸವನ್ನು ತಾನೇ ಮುಗಿಸುತ್ತದೆ. ಇಂತಹ ಉತ್ತರಪತ್ರಕ್ಕೆ ರೆಡ್ ಹ್ಯಾಟ್ ಲಿನಕ್ಸ್‌ನಲ್ಲಿ ಕಿಕ್‌ಸ್ಟಾರ್ಟ್ ಎಂದೂ ಡೆಬಿಯನ್‌ನಲ್ಲಿ ಪ್ರಿಸೀಡ್ ಎಂದೂ ಹೆಸರು.

ತೊಡಕು ಬರುವುದು ಡಿಸ್ಕುಗಳಲ್ಲಿ. ಉದಾಹರಣೆಗಾಗಿ ದಾವಣಗೆರೆ ಜಿಲ್ಲೆಯ ನಾಲ್ಕು ಕಚೇರಿಗಳನ್ನು ಕಲ್ಪಿಸಿಕೊಳ್ಳಬಹುದು. ಚನ್ನಗಿರಿಯ ಸರ್ವರಿನಲ್ಲಿ ಒಂದೇ ಡಿಸ್ಕ್. ಹೊನ್ನಾಳಿಯಲ್ಲಿ ಒಂದರ ಪ್ರತಿಯನ್ನು ಇನ್ನೊಂದು ಹೊತ್ತಿರುವ ಎರಡು ಸಮಾನ ಡಿಸ್ಕುಗಳು. ಜಗಳೂರಿನಲ್ಲಿ ವ್ಯವಸ್ಥೆಗಾಗಿ ಚಿಕ್ಕದೊಂದು, ದಾಖಲೆಗಳಿಗಾಗಿ ದೊಡ್ಡದೊಂದು. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ ಹೊಸ ಬಗೆಯ ಎನ್‌ವಿಎಂಇ ಡಿಸ್ಕ್. ಲಿನಕ್ಸ್‌ನಲ್ಲಿ ಸಾಮಾನ್ಯ ಡಿಸ್ಕಿಗೆ ಎಸ್‌ಡಿಎ ಎಂಬಂತಹ ಹೆಸರು ಬರುತ್ತದೆ. ಎನ್‌ವಿಎಂಇ ಡಿಸ್ಕಿನ ಹೆಸರು ಬೇರೆ. ಆದುದರಿಂದ ಎಸ್‌ಡಿಎ ಎಂದು ಬರೆದ ಉತ್ತರಪತ್ರವು ನ್ಯಾಮತಿಯಲ್ಲಿ ನಿಂತುಹೋಗುತ್ತದೆ. ಜಗಳೂರಿನಲ್ಲಿ ಅಪಾಯ ಇನ್ನೂ ಹೆಚ್ಚು. ಎರಡು ಡಿಸ್ಕುಗಳಲ್ಲಿ ಯಾವುದು ಮೊದಲು ಗುರುತಿಗೆ ಬರುವುದೆಂಬುದು ಒಮ್ಮೊಮ್ಮೆ ಬದಲಾಗುವುದರಿಂದ, ಅದೇ ಹೆಸರು ದಾಖಲೆಗಳ ಡಿಸ್ಕಿಗೆ ಬಂದರೆ ಅದೇ ಅಳಿಸಿಹೋದೀತು.

ಯಂತ್ರಕ್ಕೊಂದರಂತೆ ಬೇರೆ ಬೇರೆ ಉತ್ತರಪತ್ರ ಬರೆಯುವುದು ಪರಿಹಾರವಲ್ಲ. ಅದರಿಂದ ಹಳೆಯ ಶ್ರಮವೇ ಮರಳಿ ಬರುತ್ತದೆ. ಎಲ್ಲೆಡೆಯೂ ಸಮಾನವಾದುದನ್ನು ಒಮ್ಮೆ ಬರೆದು, ಭಿನ್ನವಾದುದನ್ನು ಯಂತ್ರದಿಂದಲೇ ಕೇಳಿ ತಿಳಿಯುವುದು ಸರಿಯಾದ ಮಾರ್ಗ. ಕಿಕ್‌ಸ್ಟಾರ್ಟ್‌ನಲ್ಲಿ ಸ್ಥಾಪನೆಗೆ ಮುಂಚೆ ನಡೆಯುವ ಒಂದು ಪೂರ್ವಕ್ರಿಯೆಯನ್ನು ಬರೆಯಲು ಅವಕಾಶವಿದೆ. ಅದು ಡಿಸ್ಕುಗಳ ಸಂಖ್ಯೆ, ಗಾತ್ರ, ಬಗೆಗಳನ್ನು ಪರೀಕ್ಷಿಸಿ, ಆ ಯಂತ್ರಕ್ಕೆ ತಕ್ಕ ವಿಭಾಗಕ್ರಮವನ್ನು ರಚಿಸಿ ಮುಖ್ಯ ಪತ್ರಕ್ಕೆ ಸೇರಿಸುತ್ತದೆ. ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಆರಂಭವಾದ ಎಫ್‌ಎಐ ಎಂಬ ತಂತ್ರಾಂಶವು ಯಂತ್ರಗಳನ್ನು ವರ್ಗಗಳಾಗಿ ವಿಂಗಡಿಸಿ, ವರ್ಗಕ್ಕೊಂದು ಡಿಸ್ಕ್ ಕ್ರಮವನ್ನು ಅನ್ವಯಿಸುತ್ತದೆ.

ಇಲ್ಲಿಯೂ ಎಚ್ಚರಿಕೆ ಅಗತ್ಯ. ಎಲ್ಲಕ್ಕಿಂತ ಚಿಕ್ಕ ಡಿಸ್ಕೇ ವ್ಯವಸ್ಥೆಯದೆಂದು ನಿಯಮ ಮಾಡಿದರೆ, ಯಾರೋ ಮರೆತುಬಿಟ್ಟ ಪೆನ್ ಡ್ರೈವ್ ಅತಿ ಚಿಕ್ಕದಾಗಿ ಆಯ್ಕೆಗೊಳ್ಳಬಹುದು. ದಾಖಲೆಗಳ ಡಿಸ್ಕನ್ನು ಹೆಸರಿನಿಂದಲ್ಲದೆ ಅದರ ಕ್ರಮಸಂಖ್ಯೆಯಿಂದ ಗುರುತಿಸಿ, ಅದನ್ನು ಮುಟ್ಟಬಾರದೆಂದು ವಿಧಿಸಬೇಕು. ನಿರೀಕ್ಷಿಸದ ಜೋಡಣೆ ಕಂಡರೆ ಸ್ಥಾಪನೆಯು ಊಹಿಸಿ ಮುಂದುವರಿಯದೆ, ಯಾವ ಡಿಸ್ಕನ್ನೂ ಅಳಿಸದೆ ನಿಲ್ಲಬೇಕು. ದಾಖಲೆಗಳ ಪ್ರತಿಯು ಬೇರೊಂದು ಸ್ಥಳದಲ್ಲಿ ಸುರಕ್ಷಿತವಾಗಿರುವುದನ್ನು ಖಚಿತಪಡಿಸಿಕೊಳ್ಳದೆ ಈ ಕಾರ್ಯಕ್ಕೆ ಕೈಹಾಕುವುದು ಉಚಿತವಲ್ಲ.

ದಾನಿಗಳ ಔದಾರ್ಯದಿಂದ ಬೇರೆ ಬೇರೆ ವರ್ಷಗಳಲ್ಲಿ ಬಂದ ಗಣಕಗಳುಳ್ಳ ಶಾಲೆಗಳಿಗೂ ಈ ಕ್ರಮ ಉಪಯುಕ್ತವಾದುದು. ಒಮ್ಮೆ ಎಚ್ಚರದಿಂದ ಬರೆದ ಉತ್ತರಪತ್ರವು ಉಪಾಧ್ಯಾಯರ ಎಷ್ಟೋ ದಿನಗಳ ಶ್ರಮವನ್ನು ಉಳಿಸುತ್ತದೆ. ಆದರೆ ಯಂತ್ರಕ್ಕೆ ಕೆಲಸದ ವೇಗವನ್ನು ಒಪ್ಪಿಸಬಹುದೇ ಹೊರತು ವಿವೇಕವನ್ನಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಮನುಷ್ಯನೇ ಮೊದಲು ಯೋಚಿಸಿ ಬರೆದಿಡಬೇಕು.