ಆಕಾಶದ ಕಾರಂಜಿ ಬಾಗುವುದೇಕೆ?



ಮೊನ್ನೆ ಮಗಳು ಒಂದು ರೇಡಿಯೋ ಗೆಲಾಕ್ಸಿಯ ಚಿತ್ರ ತೋರಿಸಿದಳು. ನಡುವೆ ಒಂದು ಚುಕ್ಕೆ. ಅದರ ಎರಡು ಬದಿಯಿಂದ ಹೊರಟ ಧಾರೆಗಳು ಜಡೆಗಳಂತೆ ಹಿಂದಕ್ಕೆ ಬಾಗಿದ್ದವು. "ಯಾಕೆ ಹೀಗೆ?" ಎಂದೆ. "ಅದನ್ನೆಲ್ಲ ಕನ್ನಡದಲ್ಲಿ ಹೇಳೋಕಾಗಲ್ಲಮ್ಮ" ಎಂದಳು. ನಾನು ಇಂಗ್ಲಿಷ್ ಬಿ.ಎ. ಓದಿದವಳು, ವಿಜ್ಞಾನ ನನ್ನ ವಿಷಯವಲ್ಲ. ಆದರೂ ಆ ಮಾತು ಮನಸ್ಸಿಗೆ ಚುಚ್ಚಿತು. ಓದಿ ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ.

ದೊಡ್ಡ ಗೆಲಾಕ್ಸಿಗಳ ನಡುವೆ ಭಾರಿ ಕಪ್ಪುಕುಳಿ ಇರುತ್ತದೆ. ಅದರತ್ತ ಬೀಳುವ ಅನಿಲ ತಟ್ಟೆಯಂತೆ ಹರಡಿ ಸುತ್ತುತ್ತದೆ. ಕೆಲವೆಡೆ ಅದರಲ್ಲೊಂದು ಪಾಲು ಕಾಂತಕ್ಷೇತ್ರದ ಬಲದಿಂದ ಎರಡು ದಿಕ್ಕಿಗೂ ಬೆಳಕಿನ ವೇಗದ ಹತ್ತಿರ ಚಿಮ್ಮುತ್ತದೆ. 1918ರಲ್ಲಿ ಹೀಬರ್ ಕರ್ಟಿಸ್ ಎಂ 87ರಲ್ಲಿ ಕಂಡದ್ದು ಇಂಥ ಒಂದು ನೇರವಾದ ಕಿರಣ. ಹಾಗಾದರೆ ಬಾಗುವುದೇಕೆ?

ಮೊದಲ ಕಾರಣ ಎದುರುಗಾಳಿ. ಊದುಬತ್ತಿ ಹಿಡಿದು ನಡೆದರೆ ಹೊಗೆ ಹಿಂದಕ್ಕೆ ಬಾಗುವುದಿಲ್ಲವೇ? ಗೆಲಾಕ್ಸಿಗಳ ಗುಂಪಿನಲ್ಲಿ ಬಿಸಿ ಅನಿಲ ತುಂಬಿರುತ್ತದೆ. ಪರ್ಸಿಯಸ್ ಗುಂಪಿನ ಎನ್‌ಜಿಸಿ 1265 ಅದನ್ನು ಸೀಳಿಕೊಂಡು ಸೆಕೆಂಡಿಗೆ ಸುಮಾರು ಎರಡು ಸಾವಿರ ಕಿ.ಮೀ. ವೇಗದಲ್ಲಿ ಓಡುತ್ತಿದೆ.

ಎರಡನೆಯದು ಬುಗುರಿಯ ತೂಗಾಟ. ಗಿಡಕ್ಕೆ ನೀರು ಹಾಕುವಾಗ ಪೈಪಿನ ತುದಿಯನ್ನು ತಿರುಗಿಸಿ ನೋಡಿ. ಒಂದೊಂದು ಹನಿಯೂ ತನ್ನ ದಾರಿಯಲ್ಲಿ ನೇರ ಹೋದರೂ ಧಾರೆ ಸುರುಳಿಯಾಗಿ ಕಾಣುತ್ತದೆ. ನಮ್ಮ ಕ್ಷೀರಪಥದ ಎಸ್‌ಎಸ್ 433ರ ಧಾರೆಗಳು ಸುಮಾರು 162 ದಿನಕ್ಕೊಂದು ಸುತ್ತು ಬರುತ್ತವೆ.

ಮೂರನೆಯದು ಹೊರಗಿನ ಕಾಂತಕ್ಷೇತ್ರ. ಏಬೆಲ್ 3376 ಎಂಬ ಗುಂಪಿನಲ್ಲಿ ಧಾರೆಯೊಂದು ಥಟ್ಟನೆ ಪಕ್ಕಕ್ಕೆ ತಿರುಗಿ, ಚದುರದೆ ಮುಂದೆ ಹರಿದಿರುವುದನ್ನು ದಕ್ಷಿಣ ಆಫ್ರಿಕದ ಮೀರ್‌ಕ್ಯಾಟ್ ದೂರದರ್ಶಕ ತೋರಿಸಿತು. ಗುಂಪಿನ ಕಾಂತಕ್ಷೇತ್ರವೇ ಅದನ್ನು ತಿರುಗಿಸಿದೆ ಎಂದು ವಿಜ್ಞಾನಿಗಳು 2021ರಲ್ಲಿ ವಿವರಿಸಿದರು.

ಕಣ್ಣಿಗೆ ಕಾಣದ ಆ ಗಾಳಿಯ ಸುದ್ದಿಯನ್ನು ನಮಗೆ ಮುಟ್ಟಿಸುವುದೇ ಈ ಬಾಗು.

ಇಂಥವನ್ನು ನೋಡುವ ವಿದ್ಯೆ ಬೆಳೆದದ್ದು ನಮ್ಮ ನೆರೆಯಲ್ಲೇ! ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ ಸ್ವರೂಪ್ ಅವರು 1965ರಲ್ಲಿ, ಆಸ್ಟ್ರೇಲಿಯದಿಂದ ಬಂದ 32 ಪುಟ್ಟ ಡಿಶ್‌ಗಳನ್ನು ಕಲ್ಯಾಣದ ಬಳಿ ನಿಲ್ಲಿಸಿ ಸೂರ್ಯನನ್ನು ಅಭ್ಯಸಿಸಿದರು. ಆಮೇಲೆ ಊಟಿಯ ದೂರದರ್ಶಕ. ಅದರ ನಂತರ ಮಾಳ್ಶೇಜ್ ಘಾಟಿನಾಚೆ, ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ, 45 ಮೀಟರ್ ಅಗಲದ 30 ಡಿಶ್‌ಗಳ ಜಿಎಂಆರ್‌ಟಿ. ವರ್ತಕ ನಗರದಿಂದ ಘಾಟಿಗೆ ಪಿಕ್ನಿಕ್ ಹೋಗುವ ನಾವು ಅದನ್ನು ನೆನೆಯುವುದೇ ಇಲ್ಲ.

ಇಷ್ಟನ್ನೂ ಮಗಳಿಗೆ ಓದಿ ಹೇಳಿದೆ. ನಕ್ಕಳು. "ಸರಿ, ಅಕ್ರೀಷನ್ ಡಿಸ್ಕ್‌ಗೆ ಏನಂತೀಯ?" ಎಂದಳು. 'ಸುತ್ತುತಟ್ಟೆ' ಎಂದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ಈಗ ಇಬ್ಬರೂ ಸೇರಿ ಪದ ಹುಡುಕುತ್ತಿದ್ದೇವೆ. ನಿಮಗೆ ಹೊಳೆದರೆ ತಿಳಿಸಿ.