ಬೆಳೆ ರಕ್ಷಣೆಯ ಕೋವಿ: ಕೇಪಿನ ಕೋವಿ ಹಾಗೂ ತೋಟಾ ಕೋವಿ

ಮಲೆನಾಡು ಹಾಗೂ ಕರಾವಳಿ ಭಾಗಗಳ ರೈತರು ಕಾಡುಹಂದಿಗಳಿಂದ ಬೆಳೆ ಕಾಯಲು ತಲೆಮಾರುಗಳಿಂದ ಕೋವಿ ಇಟ್ಟುಕೊಂಡು ಬಂದಿರುತ್ತಾರೆ. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ.

ಕೇಪಿನ ಕೋವಿಯಲ್ಲಿ ಮದ್ದು ಹಾಗೂ ಚರೆಗಳನ್ನು ನಳಿಗೆಯ ಬಾಯಿಯಿಂದ ತುಂಬಿ, ಸರಳಿನಿಂದ ಜಡಿದು, ಕೇಪು ಇಟ್ಟು ಹಾರಿಸಲಾಗುತ್ತದೆ. ಪ್ರತಿ ಸಲವೂ ಹೊಸದಾಗಿ ತುಂಬಬೇಕು. ಮದ್ದು ತೇವಗೊಂಡರೆ ಸಿಡಿಯುವುದಿಲ್ಲ. ತೋಟಾ ಕೋವಿಯಲ್ಲಿ ಸಿದ್ಧ ತೋಟಾವನ್ನು ಹಿಂಬದಿಯಿಂದ ಹಾಕುವುದರಿಂದ ಶೀಘ್ರವಾಗಿ ಮತ್ತೆ ಹಾರಿಸಬಹುದು.

ಈ ವ್ಯತ್ಯಾಸವನ್ನು ಶಸ್ತ್ರಾಸ್ತ್ರ ಅಧಿನಿಯಮ, 1959 ಸಹ ಪರಿಗಣಿಸಿದೆ. 13(3)ನೇ ಪ್ರಕರಣದ ಮೇರೆಗೆ ನೈಜ ಬೆಳೆ ರಕ್ಷಣೆಗಾಗಿ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ನೀಡಲಾಗುತ್ತದೆ. ಅದು ಸಾಲದೆಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದಲ್ಲಿ, 20 ಅಂಗುಲಕ್ಕೆ ಕಡಿಮೆಯಿಲ್ಲದ, ಒಳಮೈ ನುಣುಪಾದ ನಳಿಗೆಯುಳ್ಳ ಬೇರೆ ಕೋವಿಗೆ ಪರವಾನಗಿ ನೀಡಬಹುದಾಗಿದೆ. 2019ರ ತಿದ್ದುಪಡಿಯಂತೆ ಪರವಾನಗಿಯ ಅವಧಿ 5 ವರ್ಷ.

ಆದರೆ ಪರವಾನಗಿಯು ಬೇಟೆಗೆ ಅನುಮತಿಯಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಬಾಯಿಯಿಂದ ತುಂಬುವ ಕೋವಿಗೆಂದೇ ಪ್ರತ್ಯೇಕ ಬೇಟೆ ಋತುವಿದೆ. ಭಾರತದಲ್ಲಿ ಅಂತಹ ಋತುವಿಲ್ಲ. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 9ನೇ ಪ್ರಕರಣವು ಅನುಸೂಚಿ 1 ಮತ್ತು 2ರ ಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಕಾಡುಹಂದಿಯು 2ನೇ ಅನುಸೂಚಿಯಲ್ಲಿದೆ. ಅದು ಬೆಳೆಗೆ ಅಪಾಯಕಾರಿಯಾಗಿದ್ದಲ್ಲಿಯೂ, ಕೊಲ್ಲಲು 11ನೇ ಪ್ರಕರಣದಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಅಗತ್ಯ. ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಕೊಂದಲ್ಲಿ ಅಪರಾಧವಾಗದು. ಆದರೆ ಕಳೇಬರವು ಸರ್ಕಾರದ ಸ್ವತ್ತು. ಕೊಡಗಿನಲ್ಲಿ ಕೋವಿ ಪರವಾನಗಿಯಿಂದ ವಿನಾಯಿತಿ ಪಡೆದವರಿಗೂ ಈ ನಿಷೇಧ ಅನ್ವಯಿಸುತ್ತದೆ.

ಆದುದರಿಂದ ಹಂದಿ ಹಾವಳಿಗೆ ಒಳಗಾದ ಬೆಳೆಗಾರರು ಕೋವಿಯ ಪರವಾನಗಿಯೊಂದನ್ನೇ ನಂಬದೆ, ಗುಂಡು ಹಾರಿಸುವ ಮುನ್ನವೇ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಲಿಖಿತವಾಗಿ ಸಂಪರ್ಕಿಸುವುದು ಸೂಕ್ತ.