ಮಗುವಿಗೆ ಉಸಿರಾಟದ ಯಂತ್ರ: ಸಹಿ ಹಾಕುವ ಮುನ್ನ ತಿಳಿದಿರಲಿ



ಊರು ಬಿಟ್ಟು ಬಂದ ನಮಗೆ ಮಗುವಿನ ಕಾಯಿಲೆ ಎಂದರೆ ಎರಡು ಪಟ್ಟು ಕಷ್ಟ. ನಡುರಾತ್ರಿ ಐಸಿಯು ಬಾಗಿಲಲ್ಲಿ ವೈದ್ಯರು ಹಿಂದಿಯಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ 'ಹೈ ಫ್ಲೋ', 'ಸಿಪ್ಯಾಪ್', 'ವೆಂಟಿಲೇಟರ್' ಎನ್ನುತ್ತಾ ಕಾಗದ ಮುಂದಿಡುತ್ತಾರೆ. ಊರಿಂದ ಅಜ್ಜಿ ಫೋನಿನಲ್ಲಿ "ವೆಂಟಿಲೇಟರ್ ಮಾತ್ರ ಬೇಡಪ್ಪಾ" ಎಂದು ಅಳುತ್ತಾರೆ. ಆ ಹೊತ್ತಿನಲ್ಲಿ ಯಾವುದೂ ತಲೆಗೆ ಹೋಗುವುದಿಲ್ಲ. ಈಗಲೇ ತಿಳಿದುಕೊಳ್ಳೋಣ.

*ನಾಲ್ಕು ಮೆಟ್ಟಿಲುಗಳು*

1. *ಸಾಧಾರಣ ಆಮ್ಲಜನಕ:* ಮೂಗಿಗೆ ಸಣ್ಣ ನಳಿಕೆ. ಉಸಿರೆಳೆಯುವ ಕೆಲಸ ಪೂರ್ತಿ ಮಗುವಿನದೇ.

2. *ಹೈ ಫ್ಲೋ:* ಬೆಚ್ಚಗೆ ಮಾಡಿ, ತೇವ ಬೆರೆಸಿದ ಗಾಳಿ ಮತ್ತು ಆಮ್ಲಜನಕ ಮೂಗಿನಿಂದ ಜೋರಾಗಿ ಹೋಗುತ್ತದೆ. ಹಸುಗೂಸಿಗೆ ಸಾಮಾನ್ಯವಾಗಿ ಕಿಲೋಗೆ ನಿಮಿಷಕ್ಕೆ 2 ಲೀಟರ್. 6 ಕಿಲೋ ಮಗುವಿಗೆ 12 ಲೀಟರ್.

3. *ಸಿಪ್ಯಾಪ್:* ಮೂಗಿಗೆ ಬಿಗಿಯಾಗಿ ಕೂರುವ ನಳಿಕೆ ಅಥವಾ ಮಾಸ್ಕ್. ಗಾಳಿಯ ಒತ್ತಡ ಒಂದೇ ಸಮ ಇರುವುದರಿಂದ ಶ್ವಾಸಕೋಶದ ಪುಟ್ಟ ಚೀಲಗಳು ಮುಚ್ಚಿಕೊಳ್ಳುವುದಿಲ್ಲ. ಬಿಗಿಯಾಗಿರುವ ಕಾರಣ ಕೆಲವು ಮಕ್ಕಳು ರಚ್ಚೆ ಹಿಡಿಯುತ್ತವೆ, ಮೂಗಿನ ಚರ್ಮ ಕೆಂಪಾಗಬಹುದು.

4. *ವೆಂಟಿಲೇಟರ್:* ನಿದ್ದೆಯ ಔಷಧ ಕೊಟ್ಟು, ಶ್ವಾಸನಾಳಕ್ಕೆ ಕೊಳವೆ ಇಳಿಸುತ್ತಾರೆ. ಉಸಿರಾಟದ ಹೊರೆಯನ್ನು ಯಂತ್ರ ಹೊರುತ್ತದೆ.

*ದೊಡ್ಡ ಯಂತ್ರವೇ ಉತ್ತಮವೇ?*

ಹಾಗೇನಿಲ್ಲ. ಬ್ರಿಟನ್ನಿನ ಮಕ್ಕಳ ಐಸಿಯುಗಳಲ್ಲಿ ನಡೆದ 'ಫಸ್ಟ್-ಎಬಿಸಿ' ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಉಸಿರಾಟದ ಕಷ್ಟದಿಂದ ಬಂದ ಮಕ್ಕಳಿಗೆ ಮೊದಲು ಹೈ ಫ್ಲೋ ಕೊಟ್ಟರೂ ಅದು ಸಿಪ್ಯಾಪ್‌ಗೆ ಕಡಿಮೆ ಬೀಳಲಿಲ್ಲ. ನಿದ್ದೆಯ ಔಷಧವೂ ಕಡಿಮೆ ಮಕ್ಕಳಿಗೆ ಬೇಕಾಯಿತು. ಆದರೆ ವೆಂಟಿಲೇಟರ್ ತೆಗೆದ ಮೇಲಿನ ಹಂತದಲ್ಲಿ ಹೈ ಫ್ಲೋ ಅಷ್ಟೇ ಸಮ ಎಂದು ಸಾಬೀತಾಗಲಿಲ್ಲ. ಆಗ ವೈದ್ಯರು ಸಿಪ್ಯಾಪ್ ಎಂದರೆ ಅದಕ್ಕೆ ಕಾರಣವಿದೆ.

ಬೆಲೆ ನೋಡಿಯೂ ಅಳೆಯಬೇಡಿ. 'ಬಬಲ್ ಸಿಪ್ಯಾಪ್'ನಲ್ಲಿ ಹೊರಹೋಗುವ ಕೊಳವೆಯ ತುದಿ ನೀರಿನ ಬಾಟಲಿಯಲ್ಲಿ ಮುಳುಗಿರುತ್ತದೆ. ಎಷ್ಟು ಆಳವೋ ಅಷ್ಟು ಒತ್ತಡ. ಢಾಕಾದ ಆಸ್ಪತ್ರೆಯೊಂದರಲ್ಲಿ ತೀವ್ರ ನ್ಯುಮೋನಿಯಾ ಆದ ಮಕ್ಕಳಿಗೆ ಇದನ್ನು ಕೊಟ್ಟು ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸಾಧಾರಣ ಆಮ್ಲಜನಕ ಪಡೆದವರಲ್ಲಿ ಶೇ. 15 ಮಕ್ಕಳು ತೀರಿಕೊಂಡರೆ, ಇದನ್ನು ಪಡೆದವರಲ್ಲಿ ಶೇ. 4.

*ವೆಂಟಿಲೇಟರ್ ಯಾವಾಗ?*

ಮಗು ಉಸಿರಾಡಿ ಉಸಿರಾಡಿ ಸೋತಾಗ, ಉಸಿರು ನಡುನಡುವೆ ನಿಂತಾಗ, ಎಚ್ಚರ ತಪ್ಪಿದಾಗ. ಆಗ ತಡ ಮಾಡುವುದೇ ಅಪಾಯ. ವೆಂಟಿಲೇಟರ್ ಎಂದರೆ ಕೈಚೆಲ್ಲಿದರು ಎಂದಲ್ಲ. ಸೋತ ಮಗುವಿಗೆ ವಿಶ್ರಾಂತಿ ಕೊಟ್ಟು, ಔಷಧ ಕೆಲಸ ಮಾಡಲು ಸಮಯ ಗಳಿಸುವ ದಾರಿ ಅದು. ಎಷ್ಟೋ ಮಕ್ಕಳು ಅದರಿಂದ ಹೊರಬಂದು ಮನೆಗೆ ಹೋಗುತ್ತಾರೆ.

*ವೈದ್ಯರನ್ನು ಕೇಳಿ*

✅ ಈಗ ಯಾವ ಮೆಟ್ಟಿಲಲ್ಲಿದ್ದೇವೆ, ಇದೇ ಯಾಕೆ?
✅ ಒಂದೆರಡು ಗಂಟೆಯಲ್ಲಿ ಏನು ಸುಧಾರಿಸಬೇಕು? (ಉಸಿರಿನ ವೇಗ, ಎದೆಬಡಿತ ಇಳಿಯಬೇಕು.)
✅ ಸುಧಾರಿಸದಿದ್ದರೆ ಮುಂದೇನು? ಆ ಸೌಲಭ್ಯ ಇಲ್ಲೇ ಇದೆಯೇ?

ಭಾಷೆ ಅರ್ಥವಾಗದಿದ್ದರೆ ಸಂಕೋಚ ಬೇಡ. "ನಿಧಾನವಾಗಿ ಹೇಳಿ" ಎನ್ನಿ, ಅಥವಾ ಭಾಷೆ ಬಲ್ಲವರನ್ನು ಫೋನಿನಲ್ಲಿ ಸೇರಿಸಿಕೊಳ್ಳಿ.

❌ ಹಸಿದಿದೆ ಎಂದು ಕದ್ದು ಚಮಚದಲ್ಲಿ ಹಾಲು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗಬಹುದು.

*ಆಸ್ಪತ್ರೆಗೆ ಯಾವಾಗ ಓಡಬೇಕು?*

ಮಗು ಅಳದೆ ಇರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗೆ 60, 2ರಿಂದ 12 ತಿಂಗಳಿಗೆ 50, 1ರಿಂದ 5 ವರ್ಷಕ್ಕೆ 40 ಅಥವಾ ಹೆಚ್ಚಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಪಕ್ಕೆ ಒಳಕ್ಕೆ ಎಳೆಯುವುದು, ನರಳುವುದು, ಹಾಲು ಕುಡಿಯದಿರುವುದು, ತುಟಿ ನೀಲಿಯಾಗುವುದು ಕಂಡರೆ ತಕ್ಷಣ 108 ಅಥವಾ 112ಕ್ಕೆ ಕರೆ ಮಾಡಿ.

ಇದು ತಿಳಿವಳಿಕೆಗೆ ಮಾತ್ರ. ನಿಮ್ಮ ಮಗುವನ್ನು ನೋಡುತ್ತಿರುವ ವೈದ್ಯರ ಮಾತೇ ಅಂತಿಮ. ಪುಟ್ಟ ಮಕ್ಕಳಿರುವ ನಮ್ಮವರಿಗೆಲ್ಲ ಕಳುಹಿಸಿ. 🙏